ನಿಂತು ಮಾಡುವ ಕೆಲಸ

ಆಗಸ್ಟ್ 11, ಭಾನುವಾರ
ಇಂಜಿನಿಯರಿಂಗ್ ಕಾಲೇಜ್ ಹಾಸ್ಟೆಲ್, ಎರಡನೇ ಮಹಡಿ

ಅಮ್ಮಾ,

ನಿನ್ನೆ ಫೋನಿನಲ್ಲಿ "ಚೆನ್ನಾಗಿದ್ದೀನಿ" ಎಂದೆನಲ್ಲ, ಅದನ್ನು ನಂಬಬೇಡ. ಆ ಮಾತು ನನ್ನ ಬಾಯಿಂದ ತಾನಾಗಿಯೇ ಬಂದುಬಿಡುತ್ತದೆ, ನನ್ನ ಪರ್ಮಿಷನ್ ಕೇಳುವುದಿಲ್ಲ. ಒಂಬತ್ತು ವರ್ಷ ಸ್ಕೂಲ್ ಹಾಸ್ಟೆಲಿನಲ್ಲಿ ಭಾನುವಾರ ತಪ್ಪದೆ ನಿನಗೆ ಕಾಗದ ಬರೆದದ್ದಕ್ಕೋ ಏನೋ, ನಿಜ ಹೇಳಬೇಕೆಂದರೆ ನನಗೆ ಪೆನ್ನೇ ಬೇಕು.

ನಮ್ಮ ಕ್ಲಾಸಿನಲ್ಲಿ ಅರವತ್ತು ಜನ. ಮೊದಲ ದಿನ ಫಸ್ಟ್ ಇಯರ್ ನೋಡಿಕೊಳ್ಳುವ ಮೇಡಂ ಬಂದು, ಬೆಂಚಿನಿಂದ ಬೆಂಚಿಗೆ ನಡೆದು ಬೆರಳಿನಲ್ಲಿ ನಮ್ಮನ್ನು ಎಣಿಸಿದರು. ಎಣಿಸಿ ಮುಗಿಸಿ ಹೇಳಿದರು: "ಹೋದ ವರ್ಷ ಇದೇ ರೂಮಲ್ಲಿ ಅರವತ್ತು ಜನ ಕೂತಿದ್ರು. ಎರಡನೇ ವರ್ಷಕ್ಕೆ ಹೋದೋರು ನಲವತ್ತೊಂದು. ಮಿಕ್ಕ ಹತ್ತೊಂಬತ್ತು ಜನ ದಡ್ಡರೇನಲ್ಲ. ಯಾಕೆ ಹೋಗ್ತೀರಿ ಅಂತ ಅವರನ್ನ ಯಾರೂ ಕೇಳಲಿಲ್ಲ ಅಷ್ಟೆ. ಈ ವರ್ಷ ನಾನು ಕೇಳ್ತೀನಿ." ದಿನಾ ಬೆಳಿಗ್ಗೆ ಎಣಿಸುತ್ತಾರೆ. ಎಲ್ಲರೂ ಅವರನ್ನು ಎಣಿಕೆ ಮೇಡಂ ಎನ್ನುತ್ತಾರೆ. ಮೊದಲ ದಿನ ಅವರ ಮಾತು ಕೇಳಿ ಉಳಿದ ಐವತ್ತೊಂಬತ್ತು ಜನ ನಕ್ಕರು. ನಾನು ಮಾತ್ರ ಹತ್ತೊಂಬತ್ತರ ಪಟ್ಟಿಯಲ್ಲಿ ನನ್ನನ್ನು ಮೊದಲನೆಯವಳಾಗಿ ಬರೆದುಕೊಂಡೆ.

ಫಸ್ಟ್ ಇಯರಿನವರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿದ್ದಾರೆ. ಲ್ಯಾಬ್, ಸಂಜೆಯ ಮ್ಯಾಥ್ಸ್, ವರ್ಕ್‌ಶಾಪ್ ಎಲ್ಲ ಒಟ್ಟಿಗೆ. ನನ್ನ ಗುಂಪಿನಲ್ಲಿ ನನ್ನ ರೂಮ್‌ಮೇಟ್ ಇದ್ದಾಳೆ. ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲವಾದ್ದರಿಂದ ಅವಳಿಗೆ ರೇಡಿಯೋ ಎಂದು ಹೆಸರು. ಒಬ್ಬ ಉದ್ದಣ್ಣ ಇದ್ದಾನೆ, ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಾನೆ. ನಾಲ್ಕನೆಯವನು ಮಾತೇ ಆಡುವುದಿಲ್ಲ.

ವರ್ಕ್‌ಶಾಪಿನಲ್ಲಿ ಒಂದು ಕಬ್ಬಿಣದ ತುಂಡು, ಅದನ್ನು ಉಜ್ಜಲು ಒಂದು ಅರ ಕೊಟ್ಟು ಚೌಕ ಮಾಡಿ ಎಂದಿದ್ದಾರೆ. ಮೂರು ದಿನ ಉಜ್ಜಿದೆ. ಒಂದು ಮೂಲೆ ಸರಿಯಾದರೆ ಇನ್ನೊಂದು ಓಡಿಹೋಗುತ್ತದೆ. "ತುಂಡು ಕಚ್ಚಿ ಹಿಡಿಯೋ ವೈಸೇ ಲೂಸ್ ಇದೆ ಸರ್" ಎಂದೆ. ವರ್ಕ್‌ಶಾಪ್ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹೋದರು. ಮ್ಯಾಥ್ಸ್ ಕ್ಲಾಸಿನ ತಲೆಬುಡ ತಿಳಿಯುವುದಿಲ್ಲ. ನಾನು ಎಣಿಸುವುದು ಇಂಗ್ಲಿಷಿನಲ್ಲಿ, ಹೆದರುವುದು ಮನೆಮಾತಿನಲ್ಲಿ. ಎರಡೂ ಒಟ್ಟಿಗೆ ನಡೆಯುವಾಗ ಮೇಷ್ಟ್ರು ಬೋರ್ಡ್ ಒರೆಸಿಬಿಟ್ಟಿರುತ್ತಾರೆ.

ನಿನ್ನ,
ಗಡಿಬಿಡಿ


ಆಗಸ್ಟ್ 19

ಗಡಿಬಿಡಿಗೆ,

ನಿನ್ನ ಕಾಗದ ಬಂತು. ಫ್ಯಾಕ್ಟರಿಗೆ ತೆಗೆದುಕೊಂಡು ಹೋಗಿ ಊಟದ ಬಿಡುವಿನಲ್ಲಿ ಓದಿದೆ. ನಿನ್ನನ್ನು ಕೇಳದೆ ಪಕ್ಕದ ಮೇಜಿನ ಅಕ್ಕನಿಗೂ ಓದಿ ಹೇಳಿದೆ. ಅವಳಿಗೆ ಕಬ್ಬಿಣದ ಕಥೆ ಬಹಳ ಹಿಡಿಸಿತು. "ಮೂಲೆ ಓಡಿಹೋಗುತ್ತಂತಾ? ನಮ್ಮ ಕಾಲರ್ ಮೂಲೆನೂ ಹಾಗೇ ಕಣೇ" ಎಂದಳು.

ಕಲಿಯುವಾಗ ಎಲ್ಲರ ಕೈಯೂ ಸೊಟ್ಟವೇ. ನಾನು ಹೊಲಿದ ಬಟ್ಟೆ ನೋಡುವ ಚೆಕಿಂಗಿಗೆ ಸೇರಿದ ಮೊದಲ ವಾರ ಸರಿ ಇದ್ದ ಪೀಸೆಲ್ಲ ವಾಪಸ್ ಮಾಡಿ, ಹರಿದದ್ದನ್ನು ಮುಂದೆ ಕಳಿಸಿದ್ದೆ. ಸೂಪರ್‌ವೈಸರ್ ನನ್ನ ಹೆಸರು ಹಿಡಿದು ಕೂಗಿದ್ದು ಗೇಟಿನವರೆಗೆ ಕೇಳಿಸಿತ್ತಂತೆ.

ಈ ವಾರ ಮಾಲು ಜಾಸ್ತಿ. ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತವಳು ಹಾಗೇ ನಿದ್ದೆ ಹೋದೆ. ಎದ್ದಾಗ ನೀರು ತಣ್ಣಗಾಗಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋನಿನಲ್ಲಿ ಚೆನ್ನಾಗಿದ್ದೀನಿ ಅಂತಲೇ ಹೇಳು, ಪರವಾಗಿಲ್ಲ. ನಿಜ ಕಾಗದದಲ್ಲಿ ಬರಲಿ.

ಅಮ್ಮ


ಸೆಪ್ಟೆಂಬರ್ 6

ಅಮ್ಮಾ,

ಎರಡು ಸುದ್ದಿ. ಕೆಟ್ಟದ್ದು ಮೊದಲು. ಮ್ಯಾಥ್ಸ್ ಟೆಸ್ಟಿನಲ್ಲಿ ಐವತ್ತಕ್ಕೆ ಹನ್ನೊಂದು. ಪಾಸಾಗಲು ಹದಿನೆಂಟು ಬೇಕು. ಸ್ಕೂಲಿನಲ್ಲಿ ನಾನು ತೊಂಬತ್ತು ತೆಗೆಯುತ್ತಿದ್ದವಳು ಎಂದು ಇಲ್ಲಿ ಯಾರಿಗೂ ಹೇಳುವಂತಿಲ್ಲ, ಏಕೆಂದರೆ ಇಲ್ಲಿ ಎಲ್ಲರೂ ತೊಂಬತ್ತು ತೆಗೆಯುತ್ತಿದ್ದವರೇ.

ಒಳ್ಳೆಯ ಸುದ್ದಿ: ಫಸ್ಟ್ ಇಯರಿನ ಎಲ್ಲ ಗುಂಪಿಗೂ ಒಂದೊಂದು ಪ್ರಾಜೆಕ್ಟ್. "ಥಿಯರಿ ಎಲ್ಲ ಕಲಿತಾದ ಮೇಲೆ ನಾಲ್ಕನೇ ವರ್ಷದಲ್ಲಿ ಏನಾದರೂ ಮಾಡ್ತೀರಿ ಅಂತ ಕಾಯ್ತಾ ಕೂತರೆ ಅಷ್ಟರಲ್ಲಿ ಅರ್ಧ ಜನ ಇರೋದೇ ಇಲ್ಲ. ಈಗಲೇ ಮಾಡಿ. ನಿಮಗೆ ಗೊತ್ತಿರೋ ಒಬ್ಬರ ಕೆಲಸ ಹಗುರ ಮಾಡಿ" ಎಂದರು ಮೇಡಂ. ರೇಡಿಯೋ ತನ್ನ ಅಜ್ಜಿಯ ಹೆಸರು ಹೇಳಿದಳು, ಉದ್ದಣ್ಣ ಬಸ್ ಓಡಿಸುವ ಅವರಪ್ಪನ ಹೆಸರು ಹೇಳಿದ. ನಾನು ನಿನ್ನ ಹೆಸರು ಹೇಳಿದೆ. ಗಾರ್ಮೆಂಟ್ ಫ್ಯಾಕ್ಟರಿಯ ಚೆಕ್ಕರ್, ಹದಿನಾರು ವರ್ಷದ ಸರ್ವಿಸ್. ನೀನೇ ಗೆದ್ದೆ!

ನಾನೇ ಡ್ರಾಯಿಂಗ್ ಮಾಡಿದೆ. ನಿನಗೊಂದು ಕುರ್ಚಿ. ಬೆನ್ನಿಗೆ ಆನಿಕೆ, ಎತ್ತರ ಹೆಚ್ಚು ಕಡಿಮೆ ಮಾಡುವ ತಿರುಪು, ಕೆಳಗೆ ಕಾಲಿಡಲು ಪಟ್ಟಿ. ಸೀಟು ಬಲಕ್ಕೂ ಎಡಕ್ಕೂ ತಿರುಗುತ್ತದೆ, ನೀನು ಬಟ್ಟೆ ತೆಗೆದುಕೊಳ್ಳಲು ಸುಲಭ. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಶೀಟಿನ ಮೇಲೆ ಕೆಂಪು ಗೀಟು ಬಿದ್ದಿಲ್ಲ. ಹತ್ತೊಂಬತ್ತನೇ ತಾರೀಕು ಎಲ್ಲರ ಮುಂದೆ ಪ್ರೆಸೆಂಟೇಷನ್. ಡ್ರಾಯಿಂಗಿನ ಕಾಪಿ ಇದರ ಜೊತೆ ಇಟ್ಟಿದ್ದೇನೆ.

ನಮ್ಮ ಗುಂಪಿನ ಮಾತಿಲ್ಲದವನು ಹೊರಟುಹೋದ. ಹೇಳಲೂ ಇಲ್ಲ. ಸೋಮವಾರ ಮೇಡಂ ಎಣಿಸಿ, "ಐವತ್ತೇಳು" ಎಂದು ಒಂದು ಗಳಿಗೆ ಬೆರಳನ್ನು ಗಾಳಿಯಲ್ಲೇ ಇಟ್ಟುಕೊಂಡು ನಿಂತರು. ಅವನ ಕಂಪಾಸ್ ಬಾಕ್ಸ್ ಡೆಸ್ಕಿನಲ್ಲೇ ಇದೆ. ಮುಟ್ಟಲು ಯಾರಿಗೂ ಮನಸ್ಸಿಲ್ಲ.

ನಿನ್ನ ಗಡಿಬಿಡಿ


ಸೆಪ್ಟೆಂಬರ್ 14

ಮಗಳೇ,

ಡ್ರಾಯಿಂಗ್ ಎಷ್ಟು ಚೆಂದ ಇದೆ. ಗೆರೆ ಒಂದೂ ಅಲುಗಿಲ್ಲ. ಅಕ್ಕ ಅದನ್ನು ಇಡೀ ಲೈನಿಗೆ ತೋರಿಸಿಕೊಂಡು ಬಂದಳು.

ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ನಮಗೆ ಕುರ್ಚಿ ಇಲ್ಲ. ಚೆಕ್ಕರ್‌ಗಳು ಕೂರುವುದಿಲ್ಲ. ಅಂಗಿಯನ್ನು ಎರಡೂ ಕೈ ಚಾಚಿ ಬೆಳಕಿಗೆ ಹಿಡಿಯಬೇಕು, ತಿರುಗಿಸಬೇಕು, ಒಳಗು ಹೊರಗು ಮಾಡಬೇಕು. ಕೂತರೆ ಕೈ ಎಟುಕುವುದಿಲ್ಲ. ಹೊಲಿಯುವವರು ಕೂರುತ್ತಾರೆ, ನೋಡುವವರು ನಿಲ್ಲುತ್ತಾರೆ. ಹದಿನಾರು ವರ್ಷವೂ ನಾನು ನಿಂತೇ ಮಾಡಿದ್ದು.

ನಿನ್ನ ತಪ್ಪಲ್ಲ. ನೀನು ರಜೆಗೆ ಬಂದಾಗಲೆಲ್ಲ ನಾನು ಮನೆಯಲ್ಲಿ ಕೂತೇ ಇರುತ್ತಿದ್ದೆನಲ್ಲ, ಅದಕ್ಕೇ ಹಾಗೆ ಅನ್ನಿಸಿರಬೇಕು.

ಪ್ರೆಸೆಂಟೇಷನ್ನಿಗೆ ಮೊದಲು ಇದು ತಲುಪಲಿ ಅಂತ ಬೆಳಿಗ್ಗೆಯೇ ಡಬ್ಬಿಗೆ ಹಾಕುತ್ತಿದ್ದೇನೆ.

ಅಮ್ಮ


ಸೆಪ್ಟೆಂಬರ್ 27

ಅಮ್ಮಾ,

ತಲುಪಲಿಲ್ಲ. ಇಪ್ಪತ್ತೊಂದಕ್ಕೆ ಬಂತು.

ಹತ್ತೊಂಬತ್ತಕ್ಕೆ ನಾನು ಸ್ಟೇಜಿನ ಮೇಲಿದ್ದೆ. ಮೇಡಂ ಒಂದೇ ಪ್ರಶ್ನೆ ಕೇಳಿದರು: "ಇದನ್ನೆಲ್ಲ ಅವರನ್ನೇ ಕೇಳಿ ಮಾಡಿದ್ದಾ?" ನಾನು ಏನು ಹೇಳಿದೆ ಗೊತ್ತೇ? "ನಮ್ಮಮ್ಮ ಅಲ್ವಾ ಮೇಡಂ, ನನಗೆ ಗೊತ್ತಿರುತ್ತೆ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ದಿನದ ಮೇಲೆ ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಹದಿನಾರು ವರ್ಷ. ಹಾಗೆಂದರೆ ನನಗೆ ಎರಡು ವರ್ಷವಿದ್ದಾಗಿನಿಂದ ನೀನು ನಿಂತಿದ್ದೀಯ, ನಾನು ನಿನ್ನನ್ನು ಕೂರಿಸಿಯೇ ನೋಡಿದ್ದೇನೆ. ಮೇಡಂ ಹತ್ತಿರ ಹೋಗಿ ನಮ್ಮ ಪ್ರಾಜೆಕ್ಟ್ ತಪ್ಪು ಎಂದು ಹೇಳಿಬಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೇಡಿಯೋಗೂ ಉದ್ದಣ್ಣನಿಗೂ ಇನ್ನೂ ಹೇಳಿಲ್ಲ.

ನಿನ್ನೆ ಎರಡನೇ ಮ್ಯಾಥ್ಸ್ ಟೆಸ್ಟಿನ ಪೇಪರ್ ಬಂತು. ಒಂಬತ್ತು. ಹನ್ನೊಂದರಿಂದ ಒಂಬತ್ತು. ನನ್ನ ಕಬ್ಬಿಣದ ಚೌಕವೂ ಹಾಗೇ, ಉಜ್ಜಿದಷ್ಟೂ ಚಿಕ್ಕದಾಗುತ್ತದೆ, ಚೌಕ ಮಾತ್ರ ಆಗುವುದಿಲ್ಲ.

ಅಮ್ಮಾ, ನಾನು ಕಾಲೇಜು ಬಿಡುತ್ತೇನೆ. ಇದರ ಜೊತೆ ಫಾರಂ ಇದೆ. ಅಪ್ಪ ಅಥವಾ ಅಮ್ಮನ ಸಹಿ ಎಂಬ ಕಡೆ ನೀನು ಸಹಿ ಹಾಕಿ ಅಂಚೆಯಲ್ಲಿ ಕಳಿಸಬೇಕು. ಫೋಟೋ ತೆಗೆದು ಕಳಿಸಿದರೆ ಮೇಡಂ ಒಪ್ಪುವುದಿಲ್ಲ, ಇಂಕಿನ ಸಹಿಯೇ ಬೇಕಂತೆ. "ಅಂಚೆ ಹೋಗಿ ಬರೋಷ್ಟರಲ್ಲಿ ಅರ್ಧ ಜನರ ಹೊಟ್ಟೆನೋವು ವಾಸಿಯಾಗಿರುತ್ತೆ" ಎನ್ನುತ್ತಾರೆ. ನನ್ನದು ವಾಸಿಯಾಗುವ ಹೊಟ್ಟೆನೋವಲ್ಲ. ಅಕ್ಟೋಬರ್ ಮೂವತ್ತೊಂದರ ಸಂಜೆ ಆರರೊಳಗೆ ಆಫೀಸಿಗೆ ಕೊಡಬೇಕು. ತಪ್ಪಿದರೆ ವರ್ಷ ಪೂರ್ತಿ ಇರಲೇಬೇಕು.

ನಿನ್ನ ಕೆಲಸವೇ ಅಲ್ಲವೇ ಇದು, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ನೋಡುವುದು? ನನ್ನನ್ನು ನೋಡು. ಇದು ರಿಜೆಕ್ಟ್ ಪೀಸ್. ಬುದ್ಧಿ ಹೇಳಿ ಬರೆಯಬೇಡ. ಸಹಿ ಮಾತ್ರ ಹಾಕು.

ಗಡಿಬಿಡಿ


ಅಕ್ಟೋಬರ್ 8

ಮಗಳೇ,

ಸಹಿ ಹಾಕಿದ್ದೇನೆ. ಫಾರಂ ಇದರ ಜೊತೆ ಇದೆ. ನೀನು ಸಹಿ ಹಾಕಿ ತಾರೀಕು ಬರೆಯಬೇಕಾದ ಕಡೆ ನಾವು ಪೀಸಿನಲ್ಲಿ ತಪ್ಪು ತೋರಿಸಲು ಹಚ್ಚುವ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿದ್ದೇನೆ. ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತೀ ಅಂತ.

ಯಾಕೆ ಹಾಕಿದೆ ಅಂತ ಹೇಳಬೇಕು. ಒಂಬತ್ತು ವರ್ಷದವಳಿದ್ದಾಗ ಹಾಸ್ಟೆಲಿಗೆ ಸೇರಿದ ಮೂರನೇ ವಾರ ನೀನೊಂದು ಕಾಗದ ಬರೆದಿದ್ದೆ. ಅದರಲ್ಲಿ ಒಂದೇ ಸಾಲು. "ಅಮ್ಮ ಬಂದು ಕರ್ಕೊಂಡು ಹೋಗು." ಆಗ ನನಗೆ ರಾತ್ರಿ ಪಾಳಿ ಇತ್ತು. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಹಾಗಂತ ಬರೆಯಲು ನನಗೆ ಕೈ ಬರಲಿಲ್ಲ. "ಹಲ್ಲು ಸರಿಯಾಗಿ ಉಜ್ಜು, ಹಾಲು ಬಿಡಬೇಡ" ಅಂತ ಬರೆದು ಕಳಿಸಿದೆ. ನೀನು ಮತ್ತೆ ಯಾವತ್ತೂ ಕೇಳಲಿಲ್ಲ. ಆ ಕಾಗದ ನನ್ನ ಟ್ರಂಕಿನಲ್ಲಿದೆ. ಈ ಸಲ ಹಲ್ಲಿನ ವಿಷಯ ಬರೆಯುವುದಿಲ್ಲ.

ಮನೆಯ ಬೀಗಕ್ಕೆ ಇನ್ನೊಂದು ಕೀ ಮಾಡಿಸಿದೆ. ಅದೂ ಲಕೋಟೆಯಲ್ಲಿದೆ. ಯಾವಾಗ ಬಂದರೂ ನನಗಾಗಿ ಹೊಸ್ತಿಲಲ್ಲಿ ಕಾಯಬೇಡ.

ಇನ್ನೊಂದು. ನಾವು ಪೀಸನ್ನು ಒಂದೇ ಸಲ ನೋಡಿ ರಿಜೆಕ್ಟ್ ಮಾಡುವುದಿಲ್ಲ. ಎರಡು ಬುಟ್ಟಿ ಇರುತ್ತದೆ. ಹೊಲಿಗೆ ತಪ್ಪಿದ್ದು ಆಲ್ಟರ್ ಬುಟ್ಟಿಗೆ ಹೋಗುತ್ತದೆ, ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಬಟ್ಟೆಯೇ ಹರಿದಿದ್ದರೆ ಮಾತ್ರ ರಿಜೆಕ್ಟ್. ಇದು ಬುದ್ಧಿ ಹೇಳಿದ್ದಲ್ಲ. ನೀನು ನನ್ನ ಕೆಲಸದ ವಿಷಯ ತಪ್ಪಾಗಿ ಬರೆದಿದ್ದೆ, ತಿದ್ದಿದೆ ಅಷ್ಟೆ.

ಅಕ್ಕ ಬಿಡುವಿನಲ್ಲಿ ನನ್ನ ಅಳತೆ ತೆಗೆದಳು. ನೀನು ಕೇಳಲಿಲ್ಲ, ಆದರೂ ಚೀಟಿ ಇಟ್ಟಿದ್ದೇನೆ. ನೆಲದಿಂದ ಮೊಣಕೈ ಮೂವತ್ತೆಂಟು ಇಂಚು. ಈಗಿನ ಮೇಜು ಮೂವತ್ತೆರಡು. ಇರಲಿ ಅಂತ.

ಅಮ್ಮ


ಅಕ್ಟೋಬರ್ 17

ಅಮ್ಮಾ,

ನೀನು ಸಹಿ ಹಾಕುವುದಿಲ್ಲ ಎಂದುಕೊಂಡಿದ್ದೆ. ಜಗಳಕ್ಕೆ ಏನೇನು ಹೇಳಬೇಕು ಎಂದು ಹಾಳೆಯ ಹಿಂದೆ ಪಾಯಿಂಟ್ಸ್ ಕೂಡ ಬರೆದಿಟ್ಟುಕೊಂಡಿದ್ದೆ. ಜಗಳವಾಡಲು ಯಾರೂ ಇಲ್ಲದೆ ಲಕೋಟೆ ಹಿಡಿದು ಮಂಚದ ಮೇಲೆ ಕೂತೆ. ಕೀ ಸಿಕ್ಕಿತು. ಕೊರಳ ದಾರಕ್ಕೆ ಹಾಕಿಕೊಂಡಿದ್ದೇನೆ. ಆ ಒಂದು ಸಾಲಿನ ಕಾಗದ ನನಗೆ ನೆನಪಿದೆ. ಅದು ನಿನಗೆ ತಲುಪಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ಫಾರಂ ತೆಗೆದುಕೊಂಡು ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ನಿನ್ನ ಬಾಣದ ಸ್ಟಿಕ್ಕರನ್ನು ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿಯಾಗಿದೆ. ನಿನ್ನ ಸಹಿ, ತಾರೀಕು ಮಾತ್ರ ಬಾಕಿ. ಪೆನ್ ಕೊಡ್ಲಾ?"

"ನನ್ನ ಹತ್ರ ಇದೆ ಮೇಡಂ" ಎಂದೆ.

"ಹಾಗಾದ್ರೆ ಯಾಕಮ್ಮ ಹೋಗ್ತೀಯಾ? ಕೇಳ್ತೀನಿ ಅಂತ ಮೊದಲ ದಿನವೇ ಹೇಳಿದ್ದೆ."

ಒಂಬತ್ತು ಮಾರ್ಕ್ಸ್ ಎಂದೆ. ಅದಕ್ಕೆ ಸಂಜೆ ಕ್ಲಾಸ್ ಇದೆ, ಆಮೇಲೆ? ಎಂದರು. ಕಬ್ಬಿಣ ಚೌಕ ಆಗುತ್ತಿಲ್ಲ ಎಂದೆ. ಅದಕ್ಕೆ ಮೇಷ್ಟ್ರು ಇದ್ದಾರೆ, ಆಮೇಲೆ? ಎಂದರು. ಆಮೇಲೆ ನನ್ನ ಬಾಯಿಂದ "ನಮ್ಮಮ್ಮ ನಿಂತುಕೊಂಡು ಕೆಲಸ ಮಾಡ್ತಾರೆ ಮೇಡಂ" ಎಂದು ಬಂದುಬಿಟ್ಟಿತು, ಅಳುವೂ ಬಂತು. ಅವರು ಒಂದು ಲೋಟ ನೀರು ಕೊಟ್ಟು, "ಅದಕ್ಕೆ ನನ್ನ ಹತ್ರ ಏನೂ ಇಲ್ಲ. ಅದನ್ನ ನೀನೇ ಮಾಡಬೇಕು" ಎಂದರು. ಫಾರಂ ವಾಪಸ್ ತಂದೆ.

ರೂಮಿಗೆ ಬಂದರೆ ರೇಡಿಯೋ ಅಳತೆಯ ಚೀಟಿ ಹಿಡಿದು ನಿಂತಿದ್ದಳು. "ಇದೇನೇ, ಯಾರ ಮೊಣಕೈ ಇದು? ಬಟ್ಟೆ ಹೊಲಿಸ್ತಿದೀಯಾ?" ಬೇರೆ ದಾರಿಯಿಲ್ಲದೆ ಎಲ್ಲ ಹೇಳಿದೆ. ಅವಳು ಒಂದೇ ನಿಮಿಷದಲ್ಲಿ ಎರಡು ಮಹಡಿ ಇಳಿದಳು. ರೆಕಾರ್ಡ್. ನಾನು ಹಿಂದೆಯೇ ಹೋಗುವಷ್ಟರಲ್ಲಿ ಗೇಟಿನ ಹತ್ತಿರ ಉದ್ದಣ್ಣನಿಗೆ ಎಲ್ಲ ಹೇಳಿದ್ದಳು. ಅವನು ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. "ನಮ್ಮಪ್ಪ ಇಪ್ಪತ್ತು ವರ್ಷದಿಂದ ಬಸ್ ಓಡಿಸ್ತಾರೆ. ಮಧ್ಯಾಹ್ನ ಎಲ್ಲಿ ಕೂತು ಉಣ್ತಾರೆ ಅಂತ ನನಗೂ ಗೊತ್ತಿಲ್ಲ" ಎಂದ. ಆಮೇಲೆ, "ನನಗಂತೂ ಈ ಲೋಕದ ಎಲ್ಲಾ ಮೇಜೂ ಗಿಡ್ಡ. ಆರು ಇಂಚು ಬಗ್ಗೋದು ಅಂದ್ರೆ ಏನು ಅಂತ ನನ್ನ ಕತ್ತನ್ನ ಕೇಳು" ಎಂದ.

ಈಗ ನಾವು ಎತ್ತರದ ಮೇಜು ಬರೆಯುತ್ತಿದ್ದೇವೆ. ಈ ಸಲ ಕೇಳುತ್ತೇನೆ. ಅಮ್ಮಾ, ನಿನಗೆ ಕತ್ತು ಎಷ್ಟು ನೋಯುತ್ತದೆ? ಬೆಳಕು ಯಾವ ಕಡೆಯಿಂದ ಬರುತ್ತದೆ? ಬೇರೆ ಏನೇನು ಕೇಳಬೇಕು ಎಂದು ನನಗೆ ಗೊತ್ತಿಲ್ಲ, ಅದನ್ನೂ ನೀನೇ ಹೇಳು.

ಫಾರಂ ಡ್ರಾಯರಿನಲ್ಲಿದೆ. ಮನಸ್ಸು ಬದಲಾಯಿಸಿದ್ದೇನೆ ಎಂದುಕೊಳ್ಳಬೇಡ. ಮೂವತ್ತೊಂದಕ್ಕೆ ಇನ್ನೂ ಎರಡು ವಾರ ಇದೆ.

ಗಡಿಬಿಡಿ


ಅಕ್ಟೋಬರ್ 24

ಗಡಿಬಿಡಿಗೂ ರೇಡಿಯೋಗೂ ಉದ್ದಣ್ಣನಿಗೂ,

ಕತ್ತು ನೋಯುವುದಿಲ್ಲ. ನೋಯುವುದು ಸೊಂಟ. ನೀವು ಮತ್ತೆ ಮೇಜನ್ನೇ ಹಿಡಿದುಕೊಂಡಿದ್ದೀರಿ. ಮೇಜಿನಿಂದ ತೊಂದರೆ ಸ್ವಲ್ಪ. ಬುಟ್ಟಿಗಳಿಂದ ಬಹಳ. ಎಲ್ಲ ಬುಟ್ಟಿಯೂ ನೆಲದ ಮೇಲಿರುತ್ತದೆ. ಎಡಗಡೆ ಬುಟ್ಟಿಯಿಂದ ಬಗ್ಗಿ ಪೀಸ್ ಎತ್ತಬೇಕು, ನೋಡಿ ಬಲಗಡೆ ಬಗ್ಗಿ ಹಾಕಬೇಕು. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ ಅಂದರೂ ಸರಿ.

ನಿನ್ನೆ ಎಣಿಸಿದೆವು. ನಾನು ಬಗ್ಗಿದಾಗಲೆಲ್ಲ ಅಕ್ಕ ಒಂದು ಗುಂಡಿ ತೆಗೆದು ಲೋಟಕ್ಕೆ ಹಾಕಿದಳು. ಒಂದು ಗಂಟೆಗೆ ನೂರಾ ಇಪ್ಪತ್ತಾರು ಗುಂಡಿ. ಸೂಪರ್‌ವೈಸರ್ ಬಂದು "ಏನ್ರೀ ಇದು ಆಟ?" ಎಂದ. "ಇಂಜಿನಿಯರು ಕೇಳಿದ್ದಾರೆ" ಎಂದಳು ಅಕ್ಕ. ಅವನು ಲೋಟದೊಳಗೆ ಒಮ್ಮೆ ಇಣುಕಿ ನೋಡಿ ಹೋದ.

ಬೆಳಕು ಮೇಲಿನಿಂದ, ಸ್ವಲ್ಪ ಎಡಕ್ಕೆ.

ಅಮ್ಮ


ನವೆಂಬರ್ 12

ಅಮ್ಮಾ,

ನೂರಾ ಇಪ್ಪತ್ತಾರನ್ನು ಉದ್ದಣ್ಣ ಎಂಟು ಗಂಟೆಗೆ ಗುಣಿಸಿ ವರ್ಕ್‌ಶಾಪಿನ ಬೋರ್ಡಿನ ಮೇಲೆ ಬರೆದ. 1008. ಅದನ್ನು ಯಾರೂ ಒರೆಸಿಲ್ಲ. ಮೇಷ್ಟ್ರು ದಿನಾ ಅದರ ಮುಂದೆ ನಿಂತು ಚಹಾ ಕುಡಿಯುತ್ತಾರೆ.

ಮೇಜು ಹೀಗಿದೆ: ಎತ್ತರ ಮೂವತ್ತೆಂಟು, ನಿನ್ನ ಕಡೆಗೆ ಸ್ವಲ್ಪ ಇಳಿಜಾರು. ಎರಡೂ ಪಕ್ಕಕ್ಕೆ ಕಬ್ಬಿಣದ ತೋಳು, ಅದರ ಮೇಲೆ ಬುಟ್ಟಿಗಳು ಮೊಣಕೈಯ ಎತ್ತರಕ್ಕೆ ಕೂರುತ್ತವೆ. ಬಗ್ಗುವ ಹಾಗೇ ಇಲ್ಲ. ರೇಡಿಯೋ ವೆಲ್ಡಿಂಗ್ ಕಲಿತಳು. ಮುಖಕ್ಕೆ ಗುರಾಣಿ ಹಿಡಿದಾಗ ಮಾತ್ರ ಅವಳು ಮಾತಾಡುವುದಿಲ್ಲ, ಹಾಗಾಗಿ ಎಲ್ಲ ವೆಲ್ಡಿಂಗ್ ಅವಳಿಗೇ ಕೊಟ್ಟೆವು. ಹೋದವನ ಕಂಪಾಸ್ ಬಾಕ್ಸ್ ತೆಗೆದು ಅದರಲ್ಲೇ ಡ್ರಾಯಿಂಗ್ ಮಾಡಿದೆವು. ಅವನಿಗೆ ಒಂದು ಕಾಗದವನ್ನೂ ಬರೆದೆವು, ನಿನ್ನ ಬಾಕ್ಸ್ ಬಳಸುತ್ತಿದ್ದೇವೆ ಎಂದು. ಉತ್ತರ ಬಂದಿಲ್ಲ.

ಮೂವತ್ತೊಂದನೇ ತಾರೀಕಿನ ವಿಷಯ. ಮರೆತುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಫಾರಂ ಜೇಬಿನಲ್ಲೇ ಇತ್ತು. ಐದೂ ಮುಕ್ಕಾಲಿಗೆ ಗಡಿಯಾರ ನೋಡಿದೆ. ಆಫೀಸಿಗೆ ಐದು ನಿಮಿಷದ ದಾರಿ. ಆಗ ನಾನು ಮೇಜಿನ ಕಾಲಿನ ಪೈಪ್ ಕೊಯ್ಯುತ್ತಿದ್ದೆ, ಅರ್ಧ ಆಗಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಬ್ಲೇಡ್ ಸಿಕ್ಕಿಕೊಳ್ಳುತ್ತದೆ. ಇದು ಪೂರ್ತಿ ಆಗಲಿ ಎಂದುಕೊಂಡೆ. ಆದಾಗ ಆರು ಹತ್ತು. ಮೇಷ್ಟ್ರು ಮೂಲೆಮಟ್ಟ ಇಟ್ಟು ನೋಡಿ, "ನೇರ ಇದೆ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲವಂತೆ.

ಭಯ ಹೋಗಿಲ್ಲ. ಬೆಳಿಗ್ಗೆ ಮೇಡಂ ಎಣಿಸುವಾಗ ನನ್ನ ಹತ್ತಿರ ಬಂದರೆ ಈಗಲೂ ಕೊರಳಿನ ಕೀ ಹಿಡಿದುಕೊಳ್ಳುತ್ತೇನೆ. ಮ್ಯಾಥ್ಸ್ ಮೂರನೇ ಟೆಸ್ಟ್: ಹತ್ತೊಂಬತ್ತು. ಸಂಜೆ ಕ್ಲಾಸಿನಲ್ಲಿ ತಪ್ಪು ಮಾಡಿದ ಲೆಕ್ಕವನ್ನೇ ಬೋರ್ಡಿನ ಮೇಲೆ ಮಾಡಿ, ಎಲ್ಲಿ ಕಾಲು ಜಾರಿತು ಎಂದು ತೋರಿಸಬೇಕು. ನನ್ನ ಹತ್ತಿರ ತಪ್ಪುಗಳ ದಾಸ್ತಾನು ಎಷ್ಟಿದೆಯೆಂದರೆ ವಾರಕ್ಕೆ ಮೂರು ದಿನ ನಾನೇ ಬೋರ್ಡಿನ ಮುಂದೆ. ಹತ್ತೊಂಬತ್ತಕ್ಕೆ ಯಾರಾದರೂ ಪಾರ್ಟಿ ಕೇಳುತ್ತಾರೆಯೇ? ರೇಡಿಯೋ ಕೇಳಿದಳು.

ಡಿಸೆಂಬರ್ ಆರಕ್ಕೆ ಎಲ್ಲರ ಪ್ರಾಜೆಕ್ಟ್ ಪ್ರದರ್ಶನ. ಮೇಡಂ ರೂಲ್: ಯಾರಿಗಾಗಿ ಮಾಡಿದ್ದೋ ಅವರೇ ಬಂದು ಬಳಸಿ ನೋಡಬೇಕು. ನಿನಗೆ ರಜೆ ಸಿಗುವುದು ಕಷ್ಟ ಎಂದು ಗೊತ್ತು. ಸ್ಕೂಲಿನಲ್ಲಿ ಪೇರೆಂಟ್ಸ್ ಡೇ ಇದ್ದಾಗ ನಾನು ನಿನಗೆ ತಿಳಿಸುತ್ತಲೇ ಇರಲಿಲ್ಲ. ಬರಲಾಗುವುದಿಲ್ಲ ಎಂದು ನೀನು ಬರೆಯಬೇಕಾಗುತ್ತದಲ್ಲ ಎಂದು. ಈಗ ತಿಳಿಸುತ್ತಿದ್ದೇನೆ.

ಬರುತ್ತೀಯಾ?

ನಿನ್ನ ಗಡಿಬಿಡಿ


ಡಿಸೆಂಬರ್ 9

ಮಗಳೇ,

ಕ್ಷೇಮವಾಗಿ ಮನೆ ತಲುಪಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಕ್ಕ ನನ್ನ ಎರಡು ದಿನದ ಪೀಸನ್ನೂ ತಾನೇ ನೋಡಿ ಮುಗಿಸಿದ್ದಳು. ಎಲ್ಲ ಹೇಳು ಅಂತ ಪ್ರಾಣ ತಿಂದಳು. ಹೇಳಿದೆ. ನಿನಗೆ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾವಿಬ್ಬರೂ ಹಾಗೇ ಅಲ್ಲವೇ.

ಆ ಮೇಜಿನ ಮುಂದೆ ನಿಂತಾಗ ನನ್ನ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿ ಬುಟ್ಟಿ ಇತ್ತು. ನೀವು ಇಟ್ಟಿದ್ದ ಐವತ್ತು ಅಂಗಿ ನೋಡಿ ಮುಗಿಸಿದಾಗ ನನಗೆ ಏನೋ ಮರೆತ ಹಾಗನ್ನಿಸಿತು. ಆಮೇಲೆ ಹೊಳೆಯಿತು, ನಾನು ಒಂದು ಸಲವೂ ಬಗ್ಗಿರಲಿಲ್ಲ. ಮೇಡಂ "ಹೇಗಿದೆಯಮ್ಮ?" ಅಂತ ಮೈಕ್ ಹಿಡಿದರು. ಕೈ ತನ್ನ ಕೆಲಸ ಮಾಡಿಬಿಟ್ಟಿತು. ಎಡಗಡೆ ಅಂಚು ಒರಟಾಗಿತ್ತು, ಬಟ್ಟೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಜೇಬಿನಿಂದ ಕೆಂಪು ಬಾಣ ತೆಗೆದು ಅಂಟಿಸಿ, "ಆಲ್ಟರ್" ಎಂದೆ.

ಎಲ್ಲರೂ ನಕ್ಕರು. ನನಗೆ ಅಯ್ಯೋ ಎನಿಸಿತು, ಮಗಳ ಮರ್ಯಾದೆ ತೆಗೆದೆನಲ್ಲ ಅಂತ. ನೀನು ಮೇಷ್ಟ್ರ ಕಡೆ ಕೈ ಚಾಚಿದೆ, ಅವರು ಅರ ಕೊಟ್ಟರು. ನೀನು ಅಲ್ಲೇ, ಅಷ್ಟು ಜನರ ಮುಂದೆ, ತಲೆ ಬಗ್ಗಿಸಿ ಆ ಅಂಚು ಉಜ್ಜಿದೆ. ಹತ್ತು ನಿಮಿಷ. ನಡುವೆ ಎರಡು ಸಲ ಬೆರಳಿನಿಂದ ಸವರಿ ನೋಡಿದೆ. ನಾನು ಹೊಲಿಗೆ ಸವರಿ ನೋಡುವ ಹಾಗೇ, ತೋರುಬೆರಳಿನ ಪಕ್ಕದಿಂದ. ಅದನ್ನು ನಿನಗೆ ಯಾರು ಕಲಿಸಿದರು? ನಾನಂತೂ ಕಲಿಸಿಲ್ಲ. ನಿಂತುಕೊಂಡು ನೋಡುತ್ತಿದ್ದೆ. ನೀನು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೇಜು ಅಲುಗಾಡುತ್ತಿತ್ತಲ್ಲ, ಬೆಳಿಗ್ಗೆ. ಮೇಷ್ಟ್ರು ಬಗ್ಗಿ ನೋಡಿ, "ಕುಣಿಯಲಾರದವರು ನೆಲ ಡೊಂಕು ಅಂತಾರೆ. ಇಲ್ಲಿ ನಿಜವಾಗ್ಲೂ ನೆಲವೇ ಡೊಂಕು ಕಣ್ರೋ" ಅಂತ ಹೇಳಿದಾಗ ನೀನು ಬಿದ್ದು ಬಿದ್ದು ನಕ್ಕೆ. ನೀನು ಮೊದಲು ಬರೆದದ್ದು ನೆನಪಾಗಿ ನಾನೂ ನಕ್ಕೆ. ಮಧ್ಯಾಹ್ನ ನೀವು ಊಟಕ್ಕೆ ಕರೆದಾಗ ಮೇಜು ಅಲುಗುವುದು ನಿಂತಿತ್ತು. ಹಿಂದಿನ ಬಲಗಾಲಿನ ಕೆಳಗೆ ಏನೋ ಕಾಗದ ಮಡಚಿ ಇಟ್ಟಿದ್ದರು. ನಾನು ಚೆಕ್ಕರ್, ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ. ಕೆಂಪು ಬಾಣದ ಒಂದು ಮೂಲೆ ಕಾಣುತ್ತಿತ್ತು. ನನ್ನ ಸಹಿಯ ಬಾಲವೂ ಕಾಣುತ್ತಿತ್ತು.

ಅವತ್ತು ನಾನು ಬಗ್ಗಿದ್ದು ಅದೊಂದೇ ಸಲ. ಕಾಗದ ಸ್ವಲ್ಪ ಹೊರಗೆ ಬಂದಿತ್ತು, ಬೆರಳಿನಿಂದ ಒಳಗೆ ತಳ್ಳಿದೆ. ನೀನು ನೋಡಲಿಲ್ಲ. ಆಮೇಲೆ ಮೇಡಂ ಎಲ್ಲರನ್ನೂ ನಿಲ್ಲಿಸಿ ಎಣಿಸಿದರು. ಅವರ ಬೆರಳಿನ ಜೊತೆ ನಾನೂ ಮನಸ್ಸಿನಲ್ಲೇ ಎಣಿಸಿದೆ. ಐವತ್ತಾರು. ನೀನು ಮೂವತ್ತೊಂದನೆಯವಳು.

ಮೇಷ್ಟ್ರು ಮೇಜನ್ನು ಲಾರಿಯಲ್ಲಿ ಕಳಿಸುತ್ತೇವೆ ಎಂದಿದ್ದಾರೆ. ಸೂಪರ್‌ವೈಸರ್ ಜಾಗ ಅಳೆದು ಇಟ್ಟಿದ್ದಾನೆ. ಇನ್ನೊಂದು ಮಾಡಲು ಎಷ್ಟು ದಿನ ಬೇಕು ಅಂತ ಅಕ್ಕ ಕೇಳುತ್ತಿದ್ದಾಳೆ. ಅವಳ ಮೊಣಕೈ ನಲವತ್ತು ಇಂಚು, ಬರೆದುಕೋ.

ಇಪ್ಪತ್ತೆರಡಕ್ಕೆ ರಜೆ ಎಂದೆಯಲ್ಲ. ಕೀ ಮರೆಯಬೇಡ. ನಾನು ಏಳು ಗಂಟೆಗೆ ಬರುತ್ತೇನೆ. ಬಾಗಿಲು ತೆಗೆದು, ದೀಪ ಹಾಕಿ ಕೂತಿರು.

ಅಮ್ಮ